ದುಂಡಪ್ಪನ ಕೀಲಿಕೈ

ದುಂಡಪ್ಪನ ಕೀಲಿಕೈಯಲ್ಲಿ ಅಕ್ಷರ ಮತ್ತೆ ದೊಡ್ಡದಾಗಿತ್ತು.

ವಿನಯ ಪರದೆಯನ್ನು ಎರಡು ಸಲ ನೋಡಿದ. ಜೂನ್‌ನಲ್ಲಿ ಅಕ್ಷರದ ಗಾತ್ರ ಹದಿನಾಲ್ಕು ಇತ್ತು. ಜುಲೈನಲ್ಲಿ ಇಪ್ಪತ್ತು. ಈಗ ಮೂವತ್ತಾರು. ಒಬ್ಬ ರೋಗಿಯ ಹೆಸರೇ ಒಂದು ಸಾಲನ್ನು ನುಂಗಿ ಕೂತಿತ್ತು.

ಬೆಳಗಾವಿಯ ಆ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ವಿನಯನ ಕೆಲಸ. ಎರಡು ಸಾವಿರದ ಎರಡನೆಯ ಇಸವಿ. ಆ ವರ್ಷ ಎಲ್ಲರ ಕೈಗೂ ಬೆರಳುದ್ದದ ಒಂದೊಂದು ಸಾಧನ ಬಂದಿತ್ತು. ಅದನ್ನು ಸಿಕ್ಕಿಸಿದರೆ ಸಾಕು, ಪಾಸ್‌ವರ್ಡ್ ಕೇಳದೆ ಕಂಪ್ಯೂಟರ್ ತೆರೆದುಕೊಳ್ಳುತ್ತಿತ್ತು. ಯಾವ ಮೇಜಿಗೆ ಹೋಗಿ ಸಿಕ್ಕಿಸಿದರೂ ಅವರವರು ಇಟ್ಟುಕೊಂಡ ಚಿತ್ರ, ಅವರವರ ಅಕ್ಷರದ ಗಾತ್ರ ಬೆನ್ನಿಗೇ ಬರುತ್ತಿದ್ದವು. ಎಲ್ಲರೂ ಅದಕ್ಕೆ ಕೀಲಿಕೈ ಎಂದೇ ಹೆಸರಿಟ್ಟಿದ್ದರು. ತಿಂಗಳ ಮೊದಲ ದಿನ ವಿನಯ ಅವನ್ನೆಲ್ಲ ತರಿಸಿಕೊಂಡು, ಯಾರಾದರೂ ಕಳೆದುಕೊಂಡರೆ ಇರಲಿ ಎಂದು ಒಳಗಿನದನ್ನು ನಕಲು ಮಾಡಿ ಇಡುತ್ತಿದ್ದ. ಬರಬರುತ್ತ, ಕೀಲಿಕೈ ನೋಡಿದರೆ ಸಾಕು ಮನುಷ್ಯ ತಿಳಿಯುತ್ತಾನೆ ಎಂಬ ಹಮ್ಮು ಅವನಿಗೆ ಬಂದಿತ್ತು.

ಅವನ ಹೆಂಡತಿ ಕಾಂತಾ ಕೂಡ ಅಲ್ಲೇ, ದುಂಡಪ್ಪನ ಪಕ್ಕದ ಕುರ್ಚಿಯಲ್ಲಿ ವರದಿ ಬರೆಯುತ್ತಿದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳ ಕೀಲಿಕೈ ಕೊಟ್ಟ ದಿನ ಹೇಗಿತ್ತೋ ಹಾಗೇ ಇತ್ತು. ಒಂದು ಚಿತ್ರವನ್ನೂ ಬದಲಿಸಿರಲಿಲ್ಲ. ಯಾವುದಕ್ಕೂ ಹಟವಿಲ್ಲದ ಹೆಂಗಸು ಎಂದು ವಿನಯನಿಗೆ ಒಳಗೊಳಗೇ ಹೆಮ್ಮೆ.

ದುಂಡಪ್ಪನ ಮಾತು ಬೇರೆ. ಈಚೆಗೆ ಅವನು ಒಂದೊಂದು ವರದಿಯನ್ನೂ ಎರಡೆರಡು ಸಲ ನೋಡಿ ಕಳಿಸುತ್ತಿದ್ದುದು ನೆನಪಾಯಿತು. ವಿನಯನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅವತ್ತೇ ಲ್ಯಾಬು ನಡೆಸುವ ಡಾಕ್ಟರ ಕೋಣೆಗೆ ಹೋಗಿ, ದುಂಡಪ್ಪನ ಕಣ್ಣು ಹೋಗುತ್ತಿದೆ, ವರದಿಯ ಅಂಕಿಯಲ್ಲಿ ಒಂದು ಚುಕ್ಕೆ ಹೆಚ್ಚುಕಡಿಮೆಯಾದರೂ ರೋಗಿಯ ಜೀವಕ್ಕೆ ಅಪಾಯ ಎಂದು ಹೇಳಿಬಿಟ್ಟ. ಮೊದಲು ದುಂಡಪ್ಪನನ್ನೇ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಡಾಕ್ಟರು ಕರೆಸಿದಾಗ ದುಂಡಪ್ಪ ವಾದ ಮಾಡಲಿಲ್ಲ. ವಿನಯನ ಕಡೆ ಒಮ್ಮೆ ನೋಡಿದ. "ವಯಸ್ಸಾತ್ರಿ," ಎಂದಷ್ಟೇ ಹೇಳಿ ಹೊರಗೆ ಬಂದ. ಹತ್ತೊಂಬತ್ತು ವರ್ಷದ ಕೆಲಸ ಒಂದು ಮಾತಿನಲ್ಲಿ ಮುಗಿಯಿತು.

ಕಾಂತಾ ಆಗ ತವರಿಗೆ ಹೋಗಿದ್ದಳು. ಮೂರನೆಯ ದಿನ ಬಂದು ಸುದ್ದಿ ಕೇಳಿದಳು. ಎಂಟು ದಿನದಲ್ಲಿ ತಾನೂ ಕೆಲಸ ಬಿಟ್ಟಳು. ಕಾರಣ ಕೇಳಿದರೆ, ಸಾಕಾಗೇದ ಎಂದಳು.

ಅಂದಿನಿಂದ ರಾಮತೀರ್ಥ ನಗರದ ಆ ಎರಡು ಕೋಣೆಯ ಮನೆಯಲ್ಲಿ ಪಾತ್ರೆಗಳದಷ್ಟೇ ಸದ್ದು. ಬೆಳಗಿನ ಪೇಪರು ಮಡಿಸಿದಂತೆಯೇ ಬಿದ್ದಿರುತ್ತಿತ್ತು. ಕಾಂತಾ ಅವನ ಮುಖ ನೋಡುವುದನ್ನೇ ಬಿಟ್ಟಳು. ಮಾತನಾಡಿದರೆ ಅವಳ ಕಣ್ಣು ಅವನ ಕಿವಿಯ ಬದಿಗೆ ಎಲ್ಲೋ ನೆಟ್ಟಿರುತ್ತಿತ್ತು. ಏಕೆಂದು ವಿನಯ ಕೇಳಲಿಲ್ಲ. ತಂದೆಯಂಥ ಮನುಷ್ಯನ ಅನ್ನ ಕಿತ್ತವನ ಮುಖವನ್ನು ಯಾರು ತಾನೇ ನೋಡುತ್ತಾರೆ? ಗಡ್ಡ ಬೋಳಿಸುವಾಗ ಕನ್ನಡಿಯಲ್ಲಿ ಅವನಿಗೇ ಅದನ್ನು ನೋಡಲಾಗುತ್ತಿರಲಿಲ್ಲ.

ಒಂದು ಭಾನುವಾರ ಸಹಿಸಲಾಗದೆ, ಖಾನಾಪುರಕ್ಕೆ, ದುಂಡಪ್ಪನ ಮನೆಗೆ ಹೋಗಿ ತಪ್ಪೊಪ್ಪಿಕೊಂಡು ಬರುತ್ತೇನೆ ಎಂದ. ಕಾಂತಾ ಮೊರದಲ್ಲಿ ಅಕ್ಕಿ ಹರಡಿಕೊಂಡು, ಬೆರಳು ಆಡಿಸಿ ಆಡಿಸಿ ಹರಳು ತೆಗೆಯುತ್ತಿದ್ದಳು. ಕೈ ನಿಂತಿತು.

"ಹೋಗಿ ಬರ್ರಿ," ಎಂದಳು. "ಕಾಕಾ ಏನ ಹೇಳಿದ್ರೂ ಪೂರಾ ಕೇಳಕೊಂಡ ಬರ್ರಿ."

ಬಸ್ಸು ಪೀರನವಾಡಿ ದಾಟುವುದರೊಳಗೆ ಹೇಳಬೇಕಾದ ಮಾತನ್ನು ಅವನು ಹತ್ತು ಸಲ ಕಟ್ಟಿ ಹತ್ತು ಸಲ ಬಿಚ್ಚಿದ್ದ.

ದುಂಡಪ್ಪನ ಮನೆಯ ಪಡಸಾಲೆಯಲ್ಲಿ ಅವನ ಹೆಂಡತಿ ಬಸವಣ್ಣೆವ್ವ ಕೌದಿ ಹೊಲಿಯುತ್ತಿದ್ದಳು. ದುಂಡಪ್ಪ ಎದುರಿಗೆ ಕೂತು, ಅದೇ ಹಳೆಯ ಕನ್ನಡಕದಲ್ಲಿ, ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದ. ವಿನಯ ಲ್ಯಾಬಿನವನು ಎಂದು ತಿಳಿದದ್ದೇ ಬಸವಣ್ಣೆವ್ವನಿಗೆ ನಗು ಬಂತು.

"ಬರ್ರಿ, ಕುಂದರ್ರಿ. ಕಣ್ಣ ಕಾಣಾಂಗಿಲ್ಲಂತ ನೀವು ಮನಿಗೆ ಕಳಿಸಿದ್ರಿ. ನಾ ಸೂಜಿ ಪೋಣಸೂ ನೌಕರಿ ಕೊಟ್ಟೇನಿ ನೋಡ್ರಿ."

ವಿನಯನಿಗೆ ನಗಲಾಗಲಿಲ್ಲ. ಅವಳು ಚಹಾ ಮಾಡಲು ಒಳಗೆ ಹೋದ ಮೇಲೆ, ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಗಿ, ಉಳಿದಷ್ಟು ಹೇಳಿದ.

"ತಪ್ಪಾತ್ರಿ ಕಾಕಾ. ಡಾಕ್ಟರ್ ಮುಂದ ಹೇಳಿದಾಂವ ನಾನ."

"ಗೊತ್ತೈತಿ."

ದುಂಡಪ್ಪ ಮತ್ತೊಂದು ಸೂಜಿ ಎತ್ತಿದ. ದಾರ ಮೊದಲ ಸಲಕ್ಕೇ ಅದರ ಕಣ್ಣಿನೊಳಗೆ ಹೊಕ್ಕಿತು. ವಿನಯ ಸೂಜಿಯನ್ನೂ ಅವನ ಮುಖವನ್ನೂ ನೋಡಿದ. ಸುಳ್ಳು ಹೇಳಿ ಒಬ್ಬನ ಕೆಲಸ ಕಳೆದೆನೇ?

"ಕಣ್ಣು ಇಷ್ಟ ಚಲೋ ಅದಾವು. ಮತ್ತ ಅಷ್ಟ ದೊಡ್ಡ ಅಕ್ಷರ ಯಾಕ್ರಿ ಕಾಕಾ?"

ದುಂಡಪ್ಪ ಒಳಮನೆಯ ಕಡೆ ನೋಡಿದ. ಆಮೇಲೆ ದನಿ ತಗ್ಗಿಸಿದ.

"ನೀ ಇಲ್ಲಿ ಬಂದದ್ದು ಕಾಂತಾಗ ಗೊತ್ತೈತೇನು?"

"ಗೊತ್ತೈತ್ರಿ. ನೀವು ಹೇಳಿದ್ದು ಪೂರಾ ಕೇಳಕೊಂಡ ಬಾ ಅಂದಾಳ."

"ನಿನಗ ಹೇಳಬಾರದಂತ ಆಣಿ ಹಾಕಿದ್ದಳು. ಹಂಗಾದ್ರ ಈಗ ಆಕಿನ ಬಿಡಿಸ್ಯಾಳ," ಎಂದು ದುಂಡಪ್ಪ ಕನ್ನಡಕ ತೆಗೆದು ಕೆಳಗಿಟ್ಟ. "ಕೀಲಿಕೈ ಅಷ್ಟ ನಂದು, ತಮ್ಮಾ. ಅದನ್ನ ಹಾಕ್ಕೊಂಡು ಆ ಅಕ್ಷರ ಓದತಿದ್ದಾಕಿ ನಿನ್ನ ಹೇಣ್ತಿ. ಆಕೀದು ನಾ ಹಾಕ್ಕೋತಿದ್ದೆ. ನಾಳೆನ ಆಕಿನ್ನ ಕಣ್ಣಿನ ಡಾಕ್ಟರ್ ಕಡೆ ಕರಕೊಂಡ ಹೋಗು."