ಜಾಕ್ ಎತ್ತುತ್ತದೆ, ಹೊರುವುದಿಲ್ಲ

ವೆಲ್ಡರನ ಬೂಟುಗಳು ಗೇಟು ದಾಟಿ ಒಳಗೆ ಬಂದವು. ಕಾರಿನಡಿ ಅಂಗಾತ ಮಲಗಿದ್ದ ಡ್ರೈವರನಿಗೆ ಅಷ್ಟು ಸಾಕಾಯಿತು. ಸ್ಪ್ಯಾನರ್ ಹಿಡಿದ ಕೈ ನಿಂತಿತು.

ಪಕ್ಕದ ಮನೆಯವನ ಬೂಟು ಅವನಿಗೆ ಚೆನ್ನಾಗಿ ಗೊತ್ತು. ತುದಿಯಲ್ಲೆಲ್ಲ ಕಿಡಿ ಹಾರಿ ಸುಟ್ಟ ಚುಕ್ಕೆಗಳು. ಅವು ಕಾರಿನ ಕಡೆ ತಿರುಗಲೂ ಇಲ್ಲ. ನೆಟ್ಟಗೆ ಬಾಗಿಲಿಗೆ ನಡೆದವು. ಬಾಗಿಲಲ್ಲಿ ಡ್ರೈವರನ ಹೆಂಡತಿಯ ಪಾದಗಳು ಆಗಲೇ ಕಾಯುತ್ತಿದ್ದವು. ಮನೆಯಲ್ಲಿ ಬರಿಗಾಲಲ್ಲೇ ಓಡಾಡುವವಳು ಪೇಟೆಗೆ ಹೋಗುವಾಗ ಹಾಕುವ ಚಪ್ಪಲಿ ಮೆಟ್ಟಿದ್ದಳು.

ಯಾರಿಗೆ ತೋರಿಸೋಕೆ ಈ ಸಿಂಗಾರ?

ಕೆಲಸ ಮುಗಿದಿತ್ತು. ಹಳೆಯ ಆಯಿಲ್ ಇಳಿದು, ನಟ್ ಬಿಗಿದಾಗಿತ್ತು. ಹೊರಗೆ ಬರುವುದಷ್ಟೇ ಬಾಕಿ. ಅವನು ಬರಲಿಲ್ಲ. ತಲೆಯನ್ನು ಇನ್ನಷ್ಟು ಒಳಗೆಳೆದುಕೊಂಡು ಉಸಿರು ಬಿಗಿಹಿಡಿದ.

ಪಕ್ಕದ ಮನೆಗೆ ಬಂದ ಹೊಸತರಲ್ಲಿ ಆ ವೆಲ್ಡರ್ ಇವಳಿಗೆ ಮಾತಿಗೊಮ್ಮೆ ‘ಅಕ್ಕಾ, ಅಕ್ಕಾ’ ಎನ್ನುತ್ತಿದ್ದ. ಕೇಳಿ ಕೇಳಿ ಡ್ರೈವರನಿಗೆ ನಗು ಬರುತ್ತಿತ್ತು. ಈಚೆಗೆ ಆ ಅಕ್ಕ ಎಲ್ಲಿ ಹೋದಳೋ! ಈಗ ಅವಳನ್ನು ಏನೂ ಕರೆಯುತ್ತಿರಲಿಲ್ಲ. ಕಾಂಪೌಂಡಿನ ಆಚೆಯಿಂದ ಬರೀ ಕೆಮ್ಮುತ್ತಿದ್ದ. ಕೆಮ್ಮಿಗೆ ಇವಳು ಓಗೊಡುತ್ತಿದ್ದಳು. ಊರಲ್ಲಿ ಅಷ್ಟು ಜನ ಕೆಮ್ಮುತ್ತಾರೆ, ಗಂಡನೂ ಕೆಮ್ಮುತ್ತಾನೆ, ಅದಕ್ಕೆಲ್ಲ ಈಕೆಗೆ ಕಿವಿ ಕೇಳಿಸದು.

ಬೆಳಿಗ್ಗೆ ಡ್ರೈವರ್ ಜಾಕ್ ಇಟ್ಟು ಕಾರಿನ ಮುಂಭಾಗ ಎತ್ತುತ್ತಿದ್ದಾಗಲೂ ಕಾಂಪೌಂಡಿನ ಮೇಲೆ ವೆಲ್ಡರನ ತಲೆ ಕಾಣಿಸಿಕೊಂಡಿತ್ತು.

“ಅಣ್ಣಾ, ನೆಲ ಮೆತ್ತಗಿದೆ. ಜಾಕ್ ಕೆಳಗೆ ಒಂದು ಹಲಗೆನಾದ್ರೂ ಹಾಕಿ. ನನ್ನ ಹತ್ರ ಕಬ್ಬಿಣದ ಸ್ಟ್ಯಾಂಡ್ ಇದೆ, ಕೊಡ್ಲಾ? ಜಾಕ್ ಇರೋದು ಎತ್ತೋಕೆ, ಹೊರೋಕಲ್ಲ.”

“ನೀನು ಹುಟ್ಟೋ ಮುಂಚೆ ಸ್ಟೇರಿಂಗ್ ಹಿಡಿದವನು ನಾನು. ಹೋಗಿ ಯಾರದಾದ್ರೂ ಗೇಟು ಬೆಸೆ, ಹೋಗು.”

“ತಗೊಳ್ರೀ, ನಿಮ್ಮ ಗಂಟೇನು ಹೋಗುತ್ತೆ?” ಎಂದಳು ಹೆಂಡತಿ.

ಅವಳು ಅವನ ಪರ ಬಾಯಿ ತೆರೆದದ್ದೇ ತಡ, ಡ್ರೈವರನ ಹೊಟ್ಟೆಗೆ ಬೆಂಕಿ ಬಿತ್ತು. ಇವತ್ತು ಸ್ಟ್ಯಾಂಡ್ ಬಂದರೆ ನಾಳೆ ಅದನ್ನು ಒಯ್ಯುವ ನೆಪದಲ್ಲಿ ಅವನು ಬರುತ್ತಾನೆ. ಬೇಕಾಗಿಲ್ಲ! ಅದೇ ಸಿಟ್ಟಿನಲ್ಲಿ ಬರೀ ಜಾಕ್ ಮೇಲೆ ಕಾರು ನಿಲ್ಲಿಸಿ ಅದರಡಿ ನುಗ್ಗಿದ್ದ. ಹಿಂದಿನ ಚಕ್ರಕ್ಕೆ ಅಡ್ಡ ಒಂದು ಕಲ್ಲನ್ನೂ ಕೊಟ್ಟಿರಲಿಲ್ಲ. ಹೊಟ್ಟೆಕಿಚ್ಚಿನವನಿಗೆ ಕಲ್ಲು ಹುಡುಕುವ ಪುರುಸೊತ್ತೆಲ್ಲಿ?

ಈಗ ಬೂಟು, ಚಪ್ಪಲಿ ಎದುರುಬದುರು ನಿಂತಿದ್ದವು. ನಡುವೆ ಗೇಣು ಜಾಗವೂ ಇರಲಿಲ್ಲ.

“ಇವತ್ತೇನಾ?” ವೆಲ್ಡರನ ಪಿಸುದನಿ.

“ಇವತ್ತೇ. ಇನ್ನು ನನ್ನಿಂದ ಆಗಲ್ಲ.”

ಡ್ರೈವರ್ ಹಲ್ಲು ಕಚ್ಚಿದ. ನುಗ್ಗಿ ಹೋಗಿ ಆ ಕೊರಳಪಟ್ಟಿ ಹಿಡಿಯಬೇಕು. ಬೇಡ, ಇನ್ನೊಂದು ಮಾತು ಕೇಳಲಿ. ಇನ್ನೊಂದೇ ಒಂದು. ಅಷ್ಟರಲ್ಲಿ ಪಕ್ಕದಲ್ಲಿ ಏನೋ ಕಿರ್ ಎಂದಿತು. ಕತ್ತು ಹೊರಳಿಸಿದ. ಜಾಕಿನ ಬುಡ ಒಂದು ಪಕ್ಕಕ್ಕೆ ಮಣ್ಣಿನಲ್ಲಿ ಹೂತುಹೋಗಿತ್ತು. ಅದರ ತಲೆ ವಾಲಿತ್ತು. ಎಂಜಿನ್ನಿನ ತಳ ಎದೆಗೆ ಇನ್ನಷ್ಟು ಹತ್ತಿರ ಬಂದಿತ್ತು.

ಬೂಟುಗಳು ತಟ್ಟನೆ ಕಾರಿನ ಕಡೆ ತಿರುಗಿದವು.

“ಅಲ್ಲಿ ನೋಡು,” ಎಂದ ವೆಲ್ಡರ್.

“ನೋಡ್ದೆ.” ಅವಳ ದನಿ ಬದಲಾಗಿತ್ತು. “ಬೇಗ ಮಾಡು. ಸದ್ದು ಮಾಡಬೇಡ, ಒದ್ದಾಡಿಬಿಡ್ತಾರೆ.”

ಕೂಗಿದರೆ ಇನ್ನೂ ಬೇಗ ಮುಗಿಸಿಬಿಡುತ್ತಾರೆ ಎಂದು ಡ್ರೈವರ್ ಬಾಯಿ ಬಿಡಲಿಲ್ಲ. ಬೂಟುಗಳು ಓಡಿದವು, ಮಾಯವಾದವು, ಮರಳಿ ಬಂದವು. ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸದ್ದು. ಒಂದು ಬೂಟು ಜಾಕಿನ ಪಕ್ಕಕ್ಕೇ ಬಂತು. ಒಂದು ಒದೆ ಸಾಕು. ಅಪಘಾತ ಎನ್ನುತ್ತಾರೆ. ಸ್ಟ್ಯಾಂಡ್ ಕೊಡ್ತೀನಿ ಅಂದ್ರೂ ಕೇಳಲಿಲ್ಲ ಎನ್ನುತ್ತಾರೆ. ಅದಕ್ಕೆ ಇವಳೇ ಸಾಕ್ಷಿ! ಅವನು ಕಣ್ಣು ಮುಚ್ಚಿದ.

ಭುಜದ ಪಕ್ಕ ಹಲಗೆ ಸರಿಯಿತು. ಹಲಗೆಯ ಮೇಲೆ ಏನೋ ಭಾರವಾದದ್ದು ಕೂತಿತು. ಆಚೆ ಬದಿಯಲ್ಲೂ ಅದೇ ಸದ್ದು. ಅಲ್ಲಿ ಕೇಳಿದ ಏದುಸಿರು ಅವಳದು. ಮರುಕ್ಷಣ ಜಾಕ್ ಧಡಾರನೆ ಉರುಳಿತು. ಕಾರು ಬೆರಳಷ್ಟು ಕುಸಿದು, ಗಕ್ಕನೆ ನಿಂತಿತು.

ಕಣ್ಣು ಬಿಟ್ಟ. ಎಡಕ್ಕೊಂದು, ಬಲಕ್ಕೊಂದು ಕಬ್ಬಿಣದ ಸ್ಟ್ಯಾಂಡ್. ಇಡೀ ಕಾರು ಅವುಗಳ ಮೇಲೆ ಕೂತಿತ್ತು. ಅವನ ಮೂಗಿನ ತುದಿಗೂ ಎಂಜಿನ್ನಿಗೂ ನಡುವೆ ಇನ್ನೂ ಗಾಳಿ ಆಡುತ್ತಿತ್ತು.

ತೆವಳಿ ಹೊರಬಂದವನು ನೆಲದ ಮೇಲೇ ಕೂತ. ಅಳು ಬಂತು, ಅಳುವಿನ ನಡುವೆ ನಗುವೂ ಬಂತು. ಇಂಥವರ ಮೇಲೆ ಸಂಶಯಪಟ್ಟೆನಲ್ಲ ಎಂದು ನಾಚಿಕೆ ಮುತ್ತಿತು. ಮಸಿ ಮೆತ್ತಿದ ಎರಡೂ ಕೈಯಿಂದ ವೆಲ್ಡರನ ಕೈ ಹಿಡಿದುಕೊಂಡ.

“ತಪ್ಪಾಯ್ತು ಕಣೋ ತಮ್ಮಾ. ಜೀವ ಉಳಿಸಿದೆ. ನಿಮ್ಮಿಬ್ಬರ ಬಗ್ಗೆ ನಾನು ಏನೇನೋ ಅಂದ್ಕೊಂಡುಬಿಟ್ಟಿದ್ದೆ.”

ವೆಲ್ಡರ್ ತಲೆ ತಗ್ಗಿಸಿದ. ಕೈ ಬಿಡಿಸಿಕೊಳ್ಳಲಿಲ್ಲ. ಮಾತಾಡಿದವಳು ಹೆಂಡತಿ.

“ನೀವು ಅಂದ್ಕೊಂಡಿದ್ದು ಸರೀನೇರೀ. ನಿಮ್ಮ ಹೆಣ ದಾಟ್ಕೊಂಡು ಹೋಗೋಕೆ ನಮಗೆ ಮನಸ್ಸಾಗಲಿಲ್ಲ, ಅಷ್ಟೇ.”