ಬೋರಲು ಕನ್ನಡಿ

“ಕಣ್ಣ ಹೋಗ್ಯಾವೇನ ನಿನ್ನವು? ಕನ್ನಡಿ ಎಲ್ಲಾ ಬೋರಲ ಹಚ್ಚೀಯಲ್ಲ!” ಗೋವಾದ ಕಲಂಗುಟ್ ಬೀಚಿನಲ್ಲಿ ಗಿರಾಕಿಗಳ ಎದುರೇ ತುಳಸಿಬಾಯಿ ಸೊಸೆಯ ಮಡಿಲಿಂದ ಕಸೂತಿ ಚೀಲ ಕಿತ್ತುಕೊಂಡಳು. ಹೊಲಿದಿದ್ದ ಕನ್ನಡಿ ಚೂರುಗಳೆಲ್ಲ ಬೆನ್ನು ತೋರಿಸುತ್ತಿದ್ದವು.

ಥಾವರಿಬಾಯಿ ತಲೆ ತಗ್ಗಿಸಿದಳು. “ತಪ್ಪಾತ್ರಿ ಅತ್ತಿ. ಸೀದಾ ಹಚ್ಚಿದ್ರ ಒಂದೊಂದ್ರಾಗೂ ಸಮುದ್ರ ಕಾಣ್ತೈತ್ರಿ.”

ತುಳಸಿಬಾಯಿಯ ಕೈ ಅಲ್ಲೇ ನಿಂತಿತು. ಆ ಸಮುದ್ರ ಅವಳ ಮಗ, ಥಾವರಿಬಾಯಿಯ ಗಂಡ ಖೀರಪ್ಪನನ್ನು ನುಂಗಿ ಮೂರು ತಿಂಗಳಾಗಿತ್ತು. ಆವತ್ತಿನಿಂದ ತುಳಸಿಬಾಯಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ; ಬರೀ ಸೊಸೆಯನ್ನು ಬೈದಿದ್ದಳು. ಈಗ ತನ್ನ ಮೈ ನೋಡಿಕೊಂಡಳು. ದಿನಾ ಈ ಹುಡುಗಿಯ ಎದುರು ಹೊದ್ದು ಕೂರುವ ಓಢಣಿಯ ತುಂಬ ಕನ್ನಡಿ, ಕನ್ನಡಿಯ ತುಂಬ ಸಮುದ್ರ. ನಾಚಿಕೆಯಿಂದ ಅವಳ ಮೈ ಹಿಡಿಯಾಯಿತು.

“ಹಂಗ ಹೊಲಿ, ನನ್ನವ್ವ,” ಎಂದವಳೇ ಓಢಣಿ ತೆಗೆದು, ಕನ್ನಡಿಗಳೆಲ್ಲ ಒಳಗಾಗುವಂತೆ ತಿರುವಿ ಹೊದ್ದುಕೊಂಡಳು.