ಸಿಗಡಿ ಪ್ಯಾಕೆಟ್ಟು

ಹಲಸಿನ ಮರದ ಬುಡದ ಹೊಸ ಮಣ್ಣಿನ ಮೇಲೆ ಚಿಟ್ಟೆಗಳು ರಾಶಿ ರಾಶಿ ಕೂತಿದ್ದವು. ಮೇಧಾ ಬೋರಲು ಮಲಗಿ, ಒಂದು ಚಿಟ್ಟೆಯ ಸುರುಳಿ ನಾಲಿಗೆ ಮಣ್ಣಿನ ತೇವ ಹೀರುವುದನ್ನು ಕ್ಯಾಮೆರಾದ ಮ್ಯಾಕ್ರೋ ಲೆನ್ಸಿನಲ್ಲಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಅವಳ ಮೇಲೆ ನೆರಳು ಬಿತ್ತು.

“ಏಳು ಮಾರಾಯ್ತಿ ಅಲ್ಲಿಂದ!” ತೋಟದ ಯಜಮಾನರು ಗದರಿದರು. “ಹೂವಿನ ಹತ್ರ ಹೋಗಿ ಫೋಟೊ ತೆಗಿ. ಇಲ್ಲಿ ಎಂಥ ಉಂಟು?”

ಯಾವಾಗಲೂ ನಗುನಗುತ್ತಲೇ ಮಾತಾಡುವವರು ಹೀಗೆ ರೇಗಿದ್ದು ಅವಳಿಗೆ ಸೋಜಿಗವಾಯಿತು.

“ಇವಕ್ಕೆ ಹೂವಿಗಿಂತ ಕೊಳೆತದ್ದರ ರಸ ಅಂದ್ರೆ ಪ್ರಾಣ ಅಂಕಲ್. ಅದಕ್ಕೇ ಅಲ್ವಾ, ಮೊನ್ನೆ ನಾನು ನಿಮಗೆ ಹಾಳಾದ ಸಿಗಡಿ ಕೊಟ್ಟು ತೋಟದಲ್ಲಿ ಎಲ್ಲಾದ್ರೂ ಹೂತಿಡಿ ಅಂದದ್ದು? ಇಲ್ಲೇ ಅಲ್ವಾ ನೀವು ಹೂತದ್ದು?”

ಯಜಮಾನರ ಮುಖ ಸಡಿಲವಾಯಿತು. “ಹೌದು ಹೌದು, ಇಲ್ಲೇ. ನಾನೇ ಹೂತದ್ದು.”

“ಮೊನ್ನೆ ಬಂದಿದ್ದ ನಿಮ್ಮ ತಮ್ಮ ಕಾಣ್ತಾ ಇಲ್ಲ?”

“ಅವನು ದುಬೈಗೆ ವಾಪಸ್ ಹೋದ. ತೋಟದಲ್ಲಿ ಪಾಲು ಬೇಡ ಅಂತ ಹೇಳಿಯೇ ಹೋದ.”

ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಯಜಮಾನರ ಹೆಂಡತಿ ಕೂಗಿದರು: “ಇವ್ರೇ, ಆ ಹುಡುಗಿ ಕೊಟ್ಟ ಸಿಗಡಿ ಪ್ಯಾಕೆಟ್ಟು ಯಾವಾಗ ಹೂಳುವುದು? ಇಲ್ಲೇ ಇಟ್ಟು ಮನೆಯೆಲ್ಲ ನಾರ್ತಾ ಉಂಟು!”